ಹೆಸರು ಕೇಳದ ಕಣ್ಣು

(ಸಂಘದ ವಾರ್ಷಿಕೋತ್ಸವದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಕಾರ್ಯದರ್ಶಿ ಅಣ್ಣ ನನ್ನ ಹತ್ತಿರ, "ನೀನು ಬಿ.ಎ. ಓದ್ತಾ ಇದ್ದಿ, ಹತ್ತು ನಿಮಿಷ ಏನಾದರೂ ಮಾತಾಡು" ಅಂದರು. ವಿಷಯ ಯಾವುದು ಅಂತ ಕೇಳಿದೆ. "ನಿನಗೆ ಬಿಸಿ ತಾಗಿದ ವಿಷಯ ಹೇಳು" ಅಂದರು. ನಮ್ಮ ಮನೆಗೆ ಈಚೆಗೆ ಬಿಸಿ ತಾಗಿದ್ದು ರಸ್ತೆ ಬದಿಯ ಕ್ಯಾಮರಾದಿಂದ. ಹಾಗಾಗಿ ಅದನ್ನೇ ಹೇಳ್ತೇನೆ.

ನಮ್ಮ ಕೇರಳದಲ್ಲಿ 2023ರ ಏಪ್ರಿಲ್‌ನಲ್ಲಿ ಈ ಎಐ ಕ್ಯಾಮರಾಗಳ ಉದ್ಘಾಟನೆ ಆಯಿತು. ಜೂನ್ 5ರಿಂದ ದಂಡ ಶುರುವಾಯಿತು. ಇಡೀ ರಾಜ್ಯಕ್ಕೆ ಒಟ್ಟು 726 ಕ್ಯಾಮರಾ. ಅದರಲ್ಲಿ 675 ಕ್ಯಾಮರಾಗಳ ಕೆಲಸ ಹೆಲ್ಮೆಟ್, ಸೀಟ್ ಬೆಲ್ಟ್, ಮೊಬೈಲ್, ಬೈಕಿನಲ್ಲಿ ಮೂರು ಜನ, ಇಂಥದ್ದನ್ನು ಹಿಡಿಯುವುದು. ಉಳಿದವು ಸಿಗ್ನಲ್ ದಾಟುವವರನ್ನು, ವೇಗವಾಗಿ ಹೋಗುವವರನ್ನು, ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವವರನ್ನು ನೋಡ್ತವೆ. ಮೋಟಾರು ವಾಹನ ಇಲಾಖೆಗಾಗಿ ಕೆಲ್ಟ್ರಾನ್ ಮಾಡಿದ 232 ಕೋಟಿ ರೂಪಾಯಿಯ ಯೋಜನೆ ಇದು. ಗುತ್ತಿಗೆ ಬಗ್ಗೆ ದೊಡ್ಡ ಗಲಾಟೆ ಆಯಿತು, ಹೈಕೋರ್ಟಿನವರೆಗೂ ಹೋಯಿತು. ಅದು ಇವತ್ತು ನನ್ನ ವಿಷಯ ಅಲ್ಲ.

ಕ್ಯಾಮರಾ ಹೇಗೆ ಕೆಲಸ ಮಾಡ್ತದೆ ಅಂತ ಮೊದಲು ಸರಳವಾಗಿ ಹೇಳಿಬಿಡ್ತೇನೆ. ಕಂಬದ ಮೇಲೆ ಸೋಲಾರ್ ಪ್ಲೇಟ್ ಇರ್ತದೆ, ಹಾಗಾಗಿ ಕರೆಂಟ್ ಹೋದರೂ ಅದು ನಡೀತದೆ. ಒಳಗಿನ ಕಂಪ್ಯೂಟರಿಗೆ ಮೊದಲೇ ಸಾವಿರಾರು ಫೋಟೋ ತೋರಿಸಿ, ಇದು ಹೆಲ್ಮೆಟ್ ಹಾಕಿದ ತಲೆ, ಇದು ಹಾಕದ ತಲೆ ಅಂತ ಕಲಿಸಿರ್ತಾರೆ. ಗಾಡಿ ಎದುರು ಬಂದಾಗ ಅದು ಹೊಂದಿಸಿ ನೋಡ್ತದೆ. ತಪ್ಪು ಕಂಡರೆ ಫೋಟೋ ತೆಗೆದು, ನಂಬರ್ ಪ್ಲೇಟ್ ಓದಿ, ಕಂಟ್ರೋಲ್ ರೂಮಿಗೆ ಕಳಿಸ್ತದೆ. ಅಲ್ಲಿ ಕೂತ ಮನುಷ್ಯರು ನೋಡಿ ಒಪ್ಪಿದ ಮೇಲೆ ಚಲನ್ ಆಗ್ತದೆ. ಆರ್‌ಸಿಯಲ್ಲಿ ಇರುವ ಫೋನ್ ನಂಬರಿಗೆ ಮೆಸೇಜ್ ಬರ್ತದೆ. ಎಲ್ಲವನ್ನೂ ಮಿಷನ್ನೇ ಮಾಡುವುದಿಲ್ಲ, ಕೊನೆಗೆ ಒಬ್ಬ ಮನುಷ್ಯ ಇದ್ದಾನೆ ಅನ್ನುವುದನ್ನು ನೆನಪಿಟ್ಟುಕೊಳ್ಳಿ. ಆಮೇಲೆ ಈ ಮಾತಿಗೆ ತಿರುಗಿ ಬರ್ತೇನೆ.

ಈಗ ನಮ್ಮ ಮನೆಯ ಕತೆ. ಅಣ್ಣ ಪೈಂಟಿಂಗ್ ಕೆಲಸಕ್ಕೆ ಹೋಗುವುದು. ಎರಡು ವರ್ಷದ ಹಿಂದೆ ಒಂದು ಹಳೇ ಬೈಕ್ ತಗೊಂಡ. ಆರ್‌ಸಿ ಹೆಸರು ಬದಲಾಯಿಸಲಿಕ್ಕೆ "ಆಮೇಲೆ ಮಾಡುವ" ಅಂತ ಬಿಟ್ಟ. ನಮ್ಮಲ್ಲಿ ಎಷ್ಟು ಮನೆಯಲ್ಲಿ ಹೀಗೆ ಉಂಟು ಅಂತ ನಿಮಗೇ ಗೊತ್ತು. ಕಳೆದ ಮಳೆಗಾಲದಲ್ಲಿ ಕೆಲಸ ಇರಲಿಲ್ಲ, ಬಿಡುವು ಇತ್ತು. ಹೆಸರು ಬದಲಾಯಿಸುವ ಅಂತ ಅಕ್ಷಯ ಕೇಂದ್ರಕ್ಕೆ ಹೋದೆವು. ಅಲ್ಲಿನ ಅಕ್ಕ ಬೈಕಿನ ನಂಬರ್ ಹಾಕಿ ನೋಡಿ, "ಐದು ಚಲನ್ ಬಾಕಿ ಉಂಟಲ್ಲಾ, ಅದು ಕಟ್ಟದೆ ಮುಂದೆ ಹೋಗುವುದಿಲ್ಲ" ಅಂದರು. ಒಟ್ಟು 3,000 ರೂಪಾಯಿ. ಮೆಸೇಜ್ ಎಲ್ಲ ಹಳೇ ಮಾಲೀಕನ ಫೋನಿಗೆ ಹೋಗಿದೆ. ನಮಗೆ ಒಂದೂ ಗೊತ್ತಿಲ್ಲ.

ಅಣ್ಣನ ಮುಖ ನೋಡಲಿಕ್ಕೆ ಆಗಲಿಲ್ಲ. ಕೆಲಸ ಇದ್ದಾಗ ಅದು ಮೂರು ದಿನದ ದುಡಿಮೆ. ಕೆಲಸ ಇಲ್ಲದಾಗ ಅದು ಅಮ್ಮ ಕಟ್ಟಿದ ಬೀಡಿಯ ದುಡ್ಡು.

ಒಂದೊಂದೇ ಫೋಟೋ ತೆಗೆದು ನೋಡಿದೆವು. ಮೂರರಲ್ಲಿ ಹಿಂದೆ ಕೂತವನಿಗೆ ಹೆಲ್ಮೆಟ್ ಇಲ್ಲ, ತಲಾ 500. ಆ ಹಿಂದೆ ಕೂತವನು ಬೇರೆ ಯಾರೂ ಅಲ್ಲ, ನಾನೇ. ಕಾಲೇಜಿಗೆ ಹೋಗುವಾಗ ಪೇಟೆವರೆಗೆ ಅಣ್ಣ ಬಿಡ್ತಿದ್ದ. ಫೋಟೋದಲ್ಲಿ ನನ್ನ ಬ್ಯಾಗ್ ಕೂಡ ಚೆನ್ನಾಗಿ ಕಾಣ್ತದೆ! ನಾಲ್ಕನೇದರಲ್ಲಿ ಅಣ್ಣ, ಅಮ್ಮ, ನಡುವೆ ತಂಗಿ. ಅವಳಿಗೆ ಜ್ವರ ಬಂದಿತ್ತು, ಆಸ್ಪತ್ರೆಗೆ ಹೋದದ್ದು. ಮೂರು ಜನ ಹೋದದ್ದಕ್ಕೆ 1,000. ಹನ್ನೆರಡು ವರ್ಷದೊಳಗಿನ ಮಗುವನ್ನು ಮೂರನೆಯವರಾಗಿ ಕೂರಿಸಿದರೆ ಸದ್ಯಕ್ಕೆ ದಂಡ ಹಾಕುವುದಿಲ್ಲ ಅಂತ 2023ರಲ್ಲಿ ರಾಜ್ಯ ಸರ್ಕಾರ ಹೇಳಿತ್ತು. ಆದರೆ ತಂಗಿಗೆ ಹದಿನಾಲ್ಕು. ಐದನೇ ಫೋಟೋದಲ್ಲಿ ಇರುವುದು ನಮ್ಮ ಬೈಕೇ ಅಲ್ಲ. ಯಾವುದೋ ಸ್ಕೂಟರ್, ನಾವು ಯಾವತ್ತೂ ಹೋಗದ ಊರು. ನಂಬರಿನಲ್ಲಿ ಒಂದು 3 ಇತ್ತು, ಕ್ಯಾಮರಾ ಅದನ್ನು 8 ಅಂತ ಓದಿದೆ. ನೋಡಿ ಒಪ್ಪಿದ ಮನುಷ್ಯನೂ ಸರಿಯಾಗಿ ನೋಡಿಲ್ಲ.

ಆ ಐದನೇದಕ್ಕೆ ದೂರು ಕೊಡಲಿಕ್ಕೆ ನಾನು ಕನ್ನಡದಲ್ಲಿ ಅರ್ಜಿ ಬರೆದುಕೊಂಡು ಹೋದೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಅಲ್ಲಿ ಕೂತವರು ಕಾಗದ ತಿರುಗಿಸಿ, "ಮಲಯಾಳದಲ್ಲಿ ಬರೆದು ತಾ" ಅಂದರು. ನನಗೆ ಮಲಯಾಳ ಮಾತಾಡಲಿಕ್ಕೆ ಬರ್ತದೆ, ಬರೆಯಲಿಕ್ಕೆ ಅಷ್ಟು ಬರುವುದಿಲ್ಲ. ನಾನು ಕಲಿತದ್ದು ಕನ್ನಡ ಶಾಲೆಯಲ್ಲಿ. ಒಂದು ಕ್ಷಣ ತಿರುಗಿ ಹೋಗುವ ಅನಿಸಿತು. ಆಮೇಲೆ ಕಾಲೇಜಿನಲ್ಲಿ ಓದಿದ್ದು ನೆನಪಾಯಿತು. ನಮ್ಮ ಸಂವಿಧಾನದ 350ನೇ ವಿಧಿ ಎಂತ ಹೇಳ್ತದೆ? ತನ್ನ ಕಷ್ಟ ಹೇಳಿಕೊಳ್ಳುವ ಯಾವ ವ್ಯಕ್ತಿಯೂ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಅಧಿಕಾರಿಗೆ ಮನವಿ ಕೊಡಬಹುದು ಅಂತ. ಕೇರಳದ 1969ರ ಅಧಿಕೃತ ಭಾಷೆ ಕಾಯಿದೆಯಲ್ಲಿ ಕನ್ನಡ ಮತ್ತು ತಮಿಳು ಅಲ್ಪಸಂಖ್ಯಾತರಿಗೆ ತಮ್ಮ ಭಾಷೆಯಲ್ಲೇ ಸರ್ಕಾರದ ಜೊತೆ ವ್ಯವಹರಿಸುವ ಅವಕಾಶ ಉಂಟು. ಇದನ್ನು ನಿಧಾನವಾಗಿ, ಜಗಳ ಮಾಡದೆ ಹೇಳಿದೆ. ಅವರು ನನ್ನನ್ನು ಒಮ್ಮೆ ನೋಡಿ, ಸೀಲ್ ಹಾಕಿ ತಗೊಂಡರು. ಮೂರು ವಾರದ ಮೇಲೆ ಆ ಚಲನ್ ರದ್ದಾಯಿತು. ಉಳಿದ ನಾಲ್ಕನ್ನು ನಾವು ಕಟ್ಟಿದೆವು. 2,500 ರೂಪಾಯಿ. ಅದು ನಮ್ಮದೇ ತಪ್ಪು.

ಇಷ್ಟೆಲ್ಲ ಆದಮೇಲೆ ನಾನು ಕ್ಯಾಮರಾಕ್ಕೆ ವಿರೋಧ ಅಂತ ನೀವು ತಿಳಿಯಬಹುದು. ಅಲ್ಲ. ಅಣ್ಣ ಕೂಡ ಅಲ್ಲ. ಚಲನ್ ಕಟ್ಟಿ ಹೊರಗೆ ಬಂದಾಗ ಅವನು ಹೇಳಿದ ಒಂದು ಮಾತು ನನ್ನ ತಲೆಯಲ್ಲಿ ಉಳಿದಿದೆ. "ದುಡ್ಡು ಹೋಯಿತು, ಹೋಗಲಿ ಮಾರಾಯ. ಇದು ಹೆಸರು ಕೇಳಲಿಲ್ಲ" ಅಂದ.

ಅದರ ಹಿಂದೆ ಒಂದು ವಿಷಯ ಉಂಟು. ಕ್ಯಾಮರಾ ಬರುವ ಮೊದಲು ಒಂದು ಸಂಜೆ ಕೆಲಸ ಬಿಟ್ಟು ಬರುವಾಗ ಅಣ್ಣನನ್ನು ಸಮವಸ್ತ್ರದಲ್ಲಿದ್ದ ಒಬ್ಬರು ನಿಲ್ಲಿಸಿದರು. ಅಣ್ಣನಿಗೂ, ಅವನ ಮುಂದೆ ನಿಂತ ಇನ್ನೊಬ್ಬನಿಗೂ ಹೆಲ್ಮೆಟ್ ಇರಲಿಲ್ಲ. ಹೆಸರು ಎಂತ, ಮನೆ ಎಲ್ಲಿ ಅಂತ ಇಬ್ಬರಿಗೂ ಕೇಳಿದರು. ಆ ಇನ್ನೊಬ್ಬನ ಮನೆತನದ ಹೆಸರು ಕೇಳಿ, "ಹೋಗಿ, ಇನ್ನು ಹೆಲ್ಮೆಟ್ ಹಾಕಿ" ಅಂದರು. ಅಣ್ಣ ಕಾಲೊನಿ ಹೆಸರು ಹೇಳಿದ ಕೂಡಲೇ ಅವನ ಬ್ಯಾಗ್ ಬಿಚ್ಚಿಸಿ, ಬ್ರಷ್, ಪುಟ್ಟಿ ಪಟ್ಟಿ ಎಲ್ಲ ರಸ್ತೆಯಲ್ಲಿ ಇಡಿಸಿದರು. ದಂಡ ಹಾಕಿದ್ದಕ್ಕೆ ಅವನಿಗೆ ಬೇಸರ ಇರಲಿಲ್ಲ. ಬಸ್ಸಿನಲ್ಲಿ ಕೂತವರು ಬಗ್ಗಿ ನೋಡಿದ್ದು ಇವತ್ತಿಗೂ ಅವನಿಗೆ ಮರೆತಿಲ್ಲ.

ಹಾಗಾಗಿ ಅಣ್ಣನ ಮಾತು ನನಗೆ ಅರ್ಥ ಆಗ್ತದೆ. ಕ್ಯಾಮರಾಕ್ಕೆ ಬೇಕಾದ್ದು ನಂಬರ್ ಪ್ಲೇಟ್ ಮಾತ್ರ. ನಿನ್ನ ಅಪ್ಪ ಯಾರು ಅಂತ ಅದಕ್ಕೆ ಬೇಡ. ಬೆಂಜ್ ಕಾರಿನವನು ಬೆಲ್ಟ್ ಹಾಕದಿದ್ದರೆ ಅವನಿಗೂ 500, ನನಗೂ 500. ರಸ್ತೆಯಲ್ಲಿ ಹೆಸರು ಹೇಳಲಿಕ್ಕೆ ಹೆದರುವ ನಮಗೆ ಇದು ಸಣ್ಣ ವಿಷಯ ಅಲ್ಲ.

ಜೀವದ ಲೆಕ್ಕವನ್ನೂ ನೋಡಬೇಕು. ಕೇಂದ್ರ ಸರ್ಕಾರದ ವರದಿ ಪ್ರಕಾರ 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ಐವತ್ತು ಸಾವಿರ ಜನ ಹೆಲ್ಮೆಟ್ ಹಾಕದ ಬೈಕ್, ಸ್ಕೂಟರ್ ಸವಾರರು ಮತ್ತು ಹಿಂದೆ ಕೂತವರು. ಹಿಂದೆ ಕೂತವರೇ ಹದಿನಾಲ್ಕು ಸಾವಿರಕ್ಕೂ ಹೆಚ್ಚು. ಅಂದರೆ ನನ್ನಂಥವರು. ಕೇರಳದಲ್ಲಿ 2022ರಲ್ಲಿ ರಸ್ತೆಯಲ್ಲಿ ಸತ್ತವರು 4,317. ಕ್ಯಾಮರಾ ಬಂದ 2023ರಲ್ಲಿ 4,080. ಅಪಘಾತಗಳ ಒಟ್ಟು ಸಂಖ್ಯೆ ಕಡಿಮೆ ಆಗಲಿಲ್ಲ, ಆ ವರ್ಷ ಏರಿತು. ಆದರೆ ಸಾವು ಇಳಿಯಿತು. ಎಲ್ಲ ಕ್ಯಾಮರಾದಿಂದಲೇ ಅಂತ ನಾನು ಹೇಳುವುದಿಲ್ಲ. ಹೆದರಿಕೆಗಾದರೂ ತಲೆಗೆ ಹೆಲ್ಮೆಟ್ ಬಂದದ್ದು ನಾವೆಲ್ಲ ಕಣ್ಣಲ್ಲಿ ನೋಡಿದ್ದೇವೆ.

ಹಾಗಾದರೆ ಹೆಸರು ಕೇಳದ ಕಣ್ಣು ಇದ್ದರೆ ಸಾಕಾ? ನ್ಯಾಯ ಸಿಕ್ಕಿತಾ? ಇಲ್ಲಿ ಬಾಬಾಸಾಹೇಬರ ಜೀವನದ ಒಂದು ಘಟನೆ ಹೇಳಬೇಕು. ನಿಮ್ಮಲ್ಲಿ ಹಲವರಿಗೆ ಗೊತ್ತಿರಬಹುದು. 1929ರಲ್ಲಿ ಅವರು ಮಹಾರಾಷ್ಟ್ರದ ಚಾಳೀಸ್‌ಗಾಂವ್‌ಗೆ ಹೋಗಿದ್ದರು. ಸ್ಟೇಷನ್ನಿನಿಂದ ಕೇರಿಗೆ ಕರೆದುಕೊಂಡು ಹೋಗಲಿಕ್ಕೆ ಅಲ್ಲಿನ ಮಹಾರರು ಟಾಂಗಾ ಕೇಳಿದರು. ಟಾಂಗಾದವರು ಯಾರೂ ಒಪ್ಪಲಿಲ್ಲ. ಅಸ್ಪೃಶ್ಯನನ್ನು ಕೂರಿಸಿ ಗಾಡಿ ಓಡಿಸಿದರೆ ಮರ್ಯಾದೆ ಹೋಗ್ತದಂತೆ. ಕೊನೆಗೆ ಒಬ್ಬ, "ಗಾಡಿ ಬೇಕಾದರೆ ಬಾಡಿಗೆಗೆ ಕೊಡ್ತೇನೆ, ನಾನು ಓಡಿಸುವುದಿಲ್ಲ" ಅಂದ. ನಮ್ಮವರಲ್ಲೇ ಒಬ್ಬ ಲಗಾಮು ಹಿಡಿದ. ಅವನಿಗೆ ಓಡಿಸಿ ಗೊತ್ತಿಲ್ಲ. ಸ್ವಲ್ಪ ದೂರ ಹೋಗುವಾಗ ಮೋರಿಯ ಮೇಲೆ ಚಕ್ರ ಸಿಕ್ಕಿಹಾಕಿಕೊಂಡು ಬಾಬಾಸಾಹೇಬರು ಎಗರಿ ಕಲ್ಲಿನ ಮೇಲೆ ಬಿದ್ದರು. ಕಾಲು ಮುರಿಯಿತು. ಆಗ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್.

ಆ ಮೋರಿಯ ಹತ್ತಿರ ಈಗಿನ ಒಂದು ಎಐ ಕ್ಯಾಮರಾ ಇತ್ತು ಅಂತ ಸುಮ್ಮನೆ ಯೋಚಿಸಿ. ಅದು ಎಂತ ದಾಖಲೆ ಮಾಡ್ತಿತ್ತು? ಅನುಭವ ಇಲ್ಲದವನು ಗಾಡಿ ಓಡಿಸಿದ, ಅಪಘಾತ ಮಾಡಿದ. ದಂಡ ಯಾರಿಗೆ? ಲಗಾಮು ಹಿಡಿದ ನಮ್ಮವನಿಗೆ. ಸ್ಟೇಷನ್ ಎದುರು ನಿಂತು "ನಾನು ಓಡಿಸುವುದಿಲ್ಲ" ಅಂದ ಟಾಂಗಾದವರು ಆ ಫೋಟೋದಲ್ಲಿ ಬರುವುದೇ ಇಲ್ಲ. ಅಪಘಾತಕ್ಕೆ ಕಾರಣ ಅವರು. ಆದರೆ ಕ್ಯಾಮರಾ ನೋಡುವುದು ತನ್ನ ಎದುರಿನ ಆ ಒಂದು ಗಳಿಗೆಯನ್ನು ಮಾತ್ರ.

ನಮ್ಮ ನಾಲ್ಕನೇ ಚಲನ್ ಕೂಡ ಹಾಗೆಯೇ. ಒಂದು ಬೈಕಿನಲ್ಲಿ ಮೂರು ಜನ. ತಪ್ಪು, ಅಪಾಯ, ಒಪ್ಪಿದೆ. ಆದರೆ ಯಾಕೆ ಮೂರು ಜನ ಹೋದರು? ನಮ್ಮ ಕಡೆಗೆ ಬಸ್ ಇಲ್ಲ. ಮುಖ್ಯ ರಸ್ತೆಯಲ್ಲಿ ಇಳಿದು ಗುಡ್ಡ ಹತ್ತಿ ಬರಬೇಕು. ಆಟೋದವರು ಈ ರಸ್ತೆಗೆ ಬರುವುದಿಲ್ಲ ಅಂತಾರೆ, ಬಂದರೂ ಎರಡು ಪಟ್ಟು ಕೇಳ್ತಾರೆ. ಜ್ವರ ಬಂದ ಹುಡುಗಿಯನ್ನು ಎತ್ತಿಕೊಂಡು ಇಳಿಯಲಿಕ್ಕೆ ಆಗ್ತದಾ? ಬಾರದ ಬಸ್ಸಿನ ನಂಬರ್ ಪ್ಲೇಟನ್ನು ಯಾವ ಕ್ಯಾಮರಾ ಓದ್ತದೆ ಹೇಳಿ? 2024ರ ಜೂನ್‌ನಲ್ಲಿ ಆಗಿನ ಮಂತ್ರಿ ಕೆ. ರಾಧಾಕೃಷ್ಣನ್ ಅವರು ಮಂತ್ರಿಸ್ಥಾನ ಬಿಡುವ ಮೊದಲು, ನಮ್ಮ ವಸತಿಗಳಿಗೆ 'ಕಾಲೊನಿ' ಅನ್ನುವ ಹೆಸರು ಬೇಡ, ನಗರ ಅಂತಲೋ ಉನ್ನತಿ ಅಂತಲೋ ಕರೆಯಿರಿ ಅಂತ ಆದೇಶ ಮಾಡಿದರು. ಒಳ್ಳೆಯದೇ. ಹೆಸರು ಬದಲಾದದ್ದು ನಮಗೆ ಖುಷಿ. ಆ ಹೆಸರಿನ ಬೋರ್ಡ್ ಹಾಕಿಕೊಂಡು ಒಂದು ಬಸ್ ಕೂಡ ಬರಬೇಕು ಅಂತ ಕೇಳುವುದು ಅತಿಯಾಸೆಯಾ?

ಇನ್ನೊಂದು ವಿಷಯ. ಕ್ಯಾಮರಾಕ್ಕೆ ಜಾತಿ ಗೊತ್ತಿಲ್ಲ, ಸರಿ. ಆದರೆ ಅದಕ್ಕೆ ಕಲಿಸಿದವರು ಉಂಟಲ್ಲ. 2018ರಲ್ಲಿ ಅಮೆರಿಕದಲ್ಲಿ ಜಾಯ್ ಬೂಲಮ್‌ವೀನಿ, ಟಿಮ್ನಿಟ್ ಗೆಬ್ರು ಅನ್ನುವ ಇಬ್ಬರು ಕಪ್ಪು ಮಹಿಳೆಯರು ಒಂದು ಪರೀಕ್ಷೆ ಮಾಡಿದರು. ಮುಖ ನೋಡಿ ಗಂಡಸಾ ಹೆಂಗಸಾ ಅಂತ ಹೇಳುವ ದೊಡ್ಡ ಕಂಪೆನಿಗಳ ಮೂರು ಸಾಫ್ಟ್‌ವೇರ್‌ಗಳನ್ನು ಅವರು ಪರೀಕ್ಷಿಸಿದ್ದು. ಬಿಳಿ ಚರ್ಮದ ಗಂಡಸರ ವಿಷಯದಲ್ಲಿ ಅವು ತಪ್ಪಿದ್ದು ಹೆಚ್ಚೆಂದರೆ ನೂರಕ್ಕೆ 0.8. ಕಪ್ಪು ಚರ್ಮದ ಹೆಂಗಸರ ವಿಷಯದಲ್ಲಿ ನೂರಕ್ಕೆ 34.7ರವರೆಗೆ. ಕಲಿಸುವಾಗ ಯಾರ ಫೋಟೋ ಹೆಚ್ಚು ತೋರಿಸಿದ್ದರೋ ಅವರನ್ನು ಮಿಷನ್ ಚೆನ್ನಾಗಿ ಗುರುತಿಸಿತು. ನಮ್ಮ ರಸ್ತೆಯ ಕ್ಯಾಮರಾ ಈಗ ಓದುವುದು ನಂಬರ್ ಪ್ಲೇಟ್. ನಾಳೆ ಮುಖ ಓದಲಿಕ್ಕೆ ಹೊರಟರೆ? ಆಗ ಮೊದಲು ಪ್ರಶ್ನೆ ಕೇಳಬೇಕಾದವರು ನಾವು. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರ ಪೀಠ 2017ರಲ್ಲಿ ಹೇಳಿದೆ. ಆ ಮೊಕದ್ದಮೆ ಹಾಕಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ. ಖಾಸಗಿತನ ದೊಡ್ಡ ಮನೆಯವರಿಗೆ ಮಾತ್ರ ಇರುವುದಲ್ಲ, ಶೀಟ್ ಮನೆಯವರಿಗೂ ಉಂಟು.

ಕ್ಯಾಮರಾ ಅಂದರೆ ದಂಡ ಮಾತ್ರ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ. ಬೆಂಗಳೂರಿನಲ್ಲಿ 2022ರ ಡಿಸೆಂಬರಿನಲ್ಲಿ 50 ಜಂಕ್ಷನ್‌ಗಳಲ್ಲಿ 330 ಕ್ಯಾಮರಾ ಇಟ್ಟದ್ದು ನಮ್ಮಲ್ಲಿಯ ಹಾಗೆ ತಪ್ಪು ಹಿಡಿಯಲಿಕ್ಕೆ. ಆದರೆ ಅಲ್ಲಿಯೇ ಈಗ ಬೇರೊಂದು ವ್ಯವಸ್ಥೆಯೂ ಬಂದಿದೆ. ಸಿಗ್ನಲ್ಲಿನ ಕ್ಯಾಮರಾ ಯಾವ ಕಡೆ ಎಷ್ಟು ಗಾಡಿ ನಿಂತಿದೆ ಅಂತ ಲೆಕ್ಕ ಹಾಕ್ತದೆ. ಗಾಡಿ ಹೆಚ್ಚು ಇರುವ ಕಡೆಗೆ ಹಸಿರು ದೀಪ ಹೆಚ್ಚು ಹೊತ್ತು ಉರೀತದೆ, ಖಾಲಿ ರಸ್ತೆಗೆ ಕಡಿಮೆ. ಅದಕ್ಕೆ ಬೇಕಾದ ಸಾಫ್ಟ್‌ವೇರ್ ತಯಾರಾದದ್ದು ನಮ್ಮ ತಿರುವನಂತಪುರದ ಸಿ-ಡ್ಯಾಕ್‌ನಲ್ಲಿ. ಅಂದರೆ ಅದೇ ಕಣ್ಣು ಯಾರಿಗೆ ತೊಂದರೆ ಆಗ್ತಾ ಉಂಟು ಅಂತ ನೋಡಿ ದಾರಿ ಬಿಡಿಸಿಕೊಡಲಿಕ್ಕೂ ಆಗ್ತದೆ. ಯಾವ ಕೆಲಸಕ್ಕೆ ಇಡಬೇಕು ಅನ್ನುವುದು ಮನುಷ್ಯರ ತೀರ್ಮಾನ.

ಇಲ್ಲಿಗೆ ನನ್ನ ಮುಖ್ಯ ಮಾತು ಬರ್ತದೆ. ನಮ್ಮ ರಸ್ತೆಯ ಕ್ಯಾಮರಾದ ಹತ್ತಿರ ನಮ್ಮ ಕಷ್ಟದ ಲೆಕ್ಕವೂ ಉಂಟು. ಬೆಳಿಗ್ಗೆ 7ರಿಂದ 9, ಸಂಜೆ 4ರಿಂದ 6, ಶಾಲೆ ಮತ್ತು ಕೆಲಸದ ಹೊತ್ತಿನಲ್ಲಿ ಆ ಒಂದು ಕಂಬದ ಎದುರು ಎಷ್ಟು ಬೈಕುಗಳಲ್ಲಿ ಮೂರು ಜನ ಹೋಗಿದ್ದಾರೆ? ಅದು ದಂಡದ ಪಟ್ಟಿಯೂ ಹೌದು, ಇಲ್ಲಿ ಬಸ್ ಬೇಕು ಅನ್ನುವುದಕ್ಕೆ ಸಾಕ್ಷಿಯೂ ಹೌದು. ಸರ್ಕಾರದ ಕಣ್ಣೇ ನೋಡಿದ ಸಾಕ್ಷಿ. ನಾವು ಬಾಯಲ್ಲಿ ಹೇಳಿದರೆ ನಂಬುವುದಿಲ್ಲ, ಫೋಟೋ ಇದ್ದರೆ ಇಲ್ಲ ಅನ್ನಲಿಕ್ಕೆ ಆಗುವುದಿಲ್ಲ.

ಆದ್ದರಿಂದ ಸಂಘದ ಮುಂದೆ ಮೂರು ಬೇಡಿಕೆ ಇಡ್ತೇನೆ.

ಒಂದು, ಮುಂದಿನ ಒಂದು ಭಾನುವಾರ ಸಂಘದ ಕೋಣೆಯಲ್ಲಿ ಎಲ್ಲರ ಗಾಡಿಯ ದಾಖಲೆ ನೋಡುವ. ಆರ್‌ಸಿ ಯಾರ ಹೆಸರಲ್ಲಿ ಉಂಟು, ಫೋನ್ ನಂಬರ್ ಯಾರದ್ದು, ಚಲನ್ ಬಾಕಿ ಉಂಟಾ ಅಂತ ಪರಿವಾಹನ್ ಸೈಟಿನಲ್ಲಿ ನೋಡಬಹುದು. ನಾನು ಮತ್ತು ನನ್ನ ಜೊತೆ ಓದುವ ಇಬ್ಬರು ಕೂತು ಮಾಡಿಕೊಡ್ತೇವೆ. ಚಲನ್ ಬಂದರೆ ಹೆದರಿ ಕಟ್ಟಬೇಡಿ, ಸಿಟ್ಟು ಮಾಡಿ ಹರಿದು ಬಿಸಾಡಲೂ ಬೇಡಿ. ಮೊದಲು ಫೋಟೋ ನೋಡಿ. ತಪ್ಪು ಮತ್ತು ನಂಬರ್ ಪ್ಲೇಟ್ ಸ್ಪಷ್ಟವಾಗಿ ಕಾಣುವ ಫೋಟೋ, ದಿನ, ಹೊತ್ತು, ಜಾಗ, ಯಾವ ಕಲಮು ಎಲ್ಲ ಇರಬೇಕು ಅಂತ 2021ರಲ್ಲಿ ಬಂದ ಕೇಂದ್ರದ ನಿಯಮ ಹೇಳ್ತದೆ. ಗಾಡಿ ನಿಮ್ಮದಲ್ಲದಿದ್ದರೆ ನೋಟೀಸಿನಲ್ಲಿ ಕೊಟ್ಟ ದಿನದೊಳಗೆ ದೂರು ಕೊಡಿ. ಕನ್ನಡದಲ್ಲೇ ಕೊಡಿ. ನಿಮ್ಮದೇ ತಪ್ಪಾದರೆ ಕಟ್ಟಿ.

ಎರಡು, ಹೆಲ್ಮೆಟ್. ಕ್ಯಾಮರಾ ಇರುವ ಕಡೆ ಹಾಕಿ, ದಾಟಿದ ಮೇಲೆ ಕೈಗೆ ಸಿಕ್ಕಿಸಿಕೊಳ್ಳುವ ಅಭ್ಯಾಸ ನಮ್ಮ ಹುಡುಗರಲ್ಲಿ ಉಂಟು. ನನಗೂ ಇತ್ತು. ಕ್ಯಾಮರಾ ಕಂಬದ ಹತ್ತಿರ ಮಾತ್ರ ಅಪಘಾತ ಆಗ್ತದೆ ಅಂತ ಯಾರು ಹೇಳಿದ್ದು? ನಮ್ಮ ಮನೆಗಳಲ್ಲಿ ದುಡಿಯುವವನು ಒಬ್ಬನೇ. ಅವನು ಬಿದ್ದರೆ ಮನೆ ಬೀಳ್ತದೆ. ನಾನೀಗ ಎರಡನೇ ಹೆಲ್ಮೆಟ್ ತಗೊಂಡಿದ್ದೇನೆ, ಐಎಸ್‌ಐ ಗುರುತಿನದ್ದು. ಕಾಲೇಜಿನ ಬ್ಯಾಗಿನ ಜೊತೆ ಅದನ್ನೂ ಹಿಡಿದುಕೊಂಡು ತಿರುಗುವುದು ಕಷ್ಟವೇ. ಆದರೂ ಬಿಡುವುದಿಲ್ಲ.

ಮೂರು, ಸಂಘದಿಂದ ಒಂದು ಮಾಹಿತಿ ಹಕ್ಕು ಅರ್ಜಿ ಹಾಕುವ. ಫೀಸು 10 ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. 30 ದಿನದೊಳಗೆ ಉತ್ತರ ಕೊಡಬೇಕು. ನಮ್ಮ ರಸ್ತೆಯ ಕ್ಯಾಮರಾದಲ್ಲಿ ಒಂದು ವರ್ಷದಲ್ಲಿ ಮೂರು ಜನ ಹೋದದ್ದಕ್ಕೆ ಎಷ್ಟು ಚಲನ್, ಯಾವ ಹೊತ್ತಿನಲ್ಲಿ ಅಂತ ಕೇಳುವ. ಯಾರ ಹೆಸರೂ ಬೇಡ, ಲೆಕ್ಕ ಮಾತ್ರ ಸಾಕು. ಆ ಕಾಗದವನ್ನು ಬಸ್ಸಿನ ಮನವಿಯ ಜೊತೆ ಇಟ್ಟು ಪಂಚಾಯತಿಗೂ ಸಾರಿಗೆ ಅಧಿಕಾರಿಗಳಿಗೂ ಕೊಡುವ. ನಮ್ಮ ಹತ್ತಿರ ವಸೂಲಿ ಮಾಡಿದ ದಂಡದ ಪಟ್ಟಿ ನೋಡಿಯೇ ನಮಗೆ ಬಸ್ ಕೊಡಿ ಅಂತ ಕೇಳುವ.

ಅಂದು ಬಾಬಾಸಾಹೇಬರಿಗೆ ಟಾಂಗಾ ಓಡಿಸಲಿಕ್ಕೆ ಜನ ಸಿಗಲಿಲ್ಲ. ಆ ಕಾಲು ನೋವಿನಲ್ಲೂ ಅವರು ನಿಲ್ಲಲಿಲ್ಲ. ಸರ್ಕಾರದ ಹತ್ತಿರ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಕಷ್ಟ ಹೇಳಿಕೊಳ್ಳಬಹುದು ಅನ್ನುವ ಸಂವಿಧಾನವನ್ನು ನಮ್ಮ ಕೈಗೆ ಕೊಟ್ಟರು. ಆ ಕಚೇರಿಯ ಮೇಜಿನ ಎದುರು ನಾನು ತಿರುಗಿ ಬಾರದೆ ನಿಂತದ್ದು ಅದರ ಬಲದಿಂದ.

ಕ್ಯಾಮರಾ ನಮ್ಮ ಹೆಸರು ಕೇಳುವುದಿಲ್ಲ, ಒಳ್ಳೆಯದು. ಆದರೆ ನಮ್ಮ ಕಷ್ಟವನ್ನೂ ಅದು ಕೇಳುವುದಿಲ್ಲ. ಅದನ್ನು ನಾವೇ ಹೇಳಬೇಕು. ಭಾನುವಾರ ಆರ್‌ಸಿ ಹಿಡಿದುಕೊಂಡು ಬನ್ನಿ, ಅಮ್ಮಂದಿರೂ ಬನ್ನಿ. 

ಜೈ ಭೀಮ್.